ಅಳಿಯನ ಜೇಬಿನಲ್ಲಿರುವ ಲಕೋಟೆ

ಪಾಡಾಂಗ್, ಶುಕ್ರವಾರ

ಪ್ರೀತಿಯ ಅಮ್ಮಾ,

ಸಿಹಿ ತಿಂದರೆ ಹೆಣ್ಣಾಗುತ್ತದೆ ಎಂದು ನೀನು ಕಳಿಸಿದ ಮೂರನೇ ಡಬ್ಬಿ ಗಲಮಾಯ್ ತಲುಪಿತು. ನಿನ್ನ ಚಿಂತೆ ನನಗೆ ಗೊತ್ತು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೇ ಸಲ್ಲುವುದು. ನನಗಿರುವ ಇಬ್ಬರೂ ಗಂಡು. ಮೂರನೆಯದೂ ಹಾಗೇ ಆದರೆ ನಮ್ಮ ದೊಡ್ಡಮನೆಯೆಲ್ಲ ಚಿಕ್ಕಮ್ಮನ ಹೆಣ್ಣುಮಕ್ಕಳ ಪಾಲಾಗುತ್ತದೆ.

ಆದರೆ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು, ಸ್ವಲ್ಪ ಕೇಳು. ಮೊದಲ ಆರು ವಾರ ಎಲ್ಲ ಕೂಸುಗಳೂ ಒಂದೇ ಥರ. ಹೆಣ್ಣಾಗುವ ಮೊಳಕೆ, ಗಂಡಾಗುವ ಮೊಳಕೆ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಮುಂದೆ ಯಾವುದು ಬೆಳೆಯಬೇಕು, ಯಾವುದು ಕರಗಬೇಕು ಎಂಬುದು ಗರ್ಭ ನಿಂತ ದಿನ ತಂದೆಯಿಂದ ಬಂದ ವರ್ಣತಂತುವಿನ ಮೇಲಿದೆ. ತಾಯಿ ಕೊಡುವುದು ಯಾವಾಗಲೂ ಒಂದೇ ಬಗೆ, ತಂದೆಯದು ಎರಡು ಬಗೆ.

ಅಂದರೆ, "ಅಳಿಯ ಅಂದ್ರೆ ನೆಂಟ, ಮನೆ ವಿಷ್ಯದಲ್ಲಿ ಅವರಿಗೇನು ಕೆಲ್ಸ?" ಎನ್ನುತ್ತೀಯಲ್ಲ, ನಿನ್ನ ಮನೆಗೆ ಹಕ್ಕುದಾರಳನ್ನು ಕೊಡಬೇಕಾದವರು ಅದೇ ಅಳಿಯ, ನನ್ನ ಜಮ್ರಿಸ್! ಇದನ್ನು ಹೇಳಿದಾಗಿನಿಂದ ಅವರ ಕಾಲು ನೆಲದ ಮೇಲಿಲ್ಲ. "ಹಾಗಾದ್ರೆ ಇನ್ಮೇಲೆ ಅತ್ತೆ ಮನೇಲಿ ದೊಡ್ಡವರಿಗೆ ಬಡಿಸೋ ಮೀನಿನ ತಲೆ ನಂಗೇ!" ಎನ್ನುತ್ತಿದ್ದಾರೆ.

ಮೊನ್ನೆ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಉತ್ತರವನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದಾರೆ. ಈ ಪತ್ರ ತಂದ ನಿನ್ನ ಅಳಿಯನ ಜೇಬಿನಲ್ಲೇ ಅದಿದೆ. ಮೊದಲು ಊಟ ಬಡಿಸು, ಅವರು ಕೈ ತೊಳೆದ ಮೇಲೆ ಕೇಳು. ಒಡೆದು ನೋಡಿದ ತಕ್ಷಣ ನನಗೆ ಫೋನ್ ಮಾಡು, ನನಗೂ ಗೊತ್ತಿಲ್ಲ. ಗಂಡಾಗಿದ್ದರೆ ಬೈಯಲು ಅವರು ಎದುರಿಗೇ ಇರುತ್ತಾರೆ.

ಮೂರೂ ಡಬ್ಬಿ ಖಾಲಿ ಮಾಡಿ ಅವರ ಕೈಯಲ್ಲೇ ಕಳಿಸಿದ್ದೇನೆ. ನನಗೆ ವಾಕರಿಕೆ ಇತ್ತಲ್ಲ, ಅಷ್ಟೂ ಗಲಮಾಯ್ ತಿಂದವರು ಅವರೇ. ಹಾಗಾಗಿ ಹೆಣ್ಣಾಗಿದ್ದರೆ, ನನ್ನ ಲೆಕ್ಕದಲ್ಲೂ ನಿನ್ನ ಲೆಕ್ಕದಲ್ಲೂ ಹೆಗ್ಗಳಿಕೆ ಅವರದೇ.

ನಿನ್ನ ಮಗಳು,
ಗುಸ್ನೀತಾ