ಹಡಗಿನಲ್ಲಿ ಒಬ್ಬರಿಗೆ ಜಾಗ

ತಾಮ್ರಲಿಪ್ತಿ ಬಂದರು,
ಕಾರ್ತಿಕ ಬಹುಳ ಪಂಚಮಿ; ನಮ್ಮೂರ ಲೆಕ್ಕಕ್ಕೆ ಹತ್ತನೆಯ ತಿಂಗಳು

ಸಾಕಿ ಬೆಳೆಸಿದ ಅಕ್ಕನಿಗೆ ತಮ್ಮ ಆ ಲಾಂಗ್ ತಲೆಬಾಗಿ ಬರೆಯುವುದು.

ಹೇಗಿದ್ದೀಯಕ್ಕಾ? ಚಳಿ ಬಂದರೆ ನಿನ್ನ ಮಂಡಿನೋವು ಹೆಚ್ಚುತ್ತಿತ್ತು, ಈಗ ಹೇಗಿದೆ? ಭಾವ ಇನ್ನೂ ರೇಷ್ಮೆಹುಳುಗಳನ್ನು ಗದರುತ್ತಾರೆಯೇ? ನಾನು ಆರೋಗ್ಯವಾಗಿದ್ದೇನೆ. ನಳಂದದಲ್ಲಿ ಓದು ಮುಗಿಸಿ, ಈ ಬಂದರಿನ ವಿಹಾರದಲ್ಲಿ ಮಳೆಗಾಲ ಕಳೆದೆ. ಇಲ್ಲಿಯವರಿಗೆ ನಾನು ಶಾಂತಿದತ್ತ. ಆ ಲಾಂಗ್ ಎಂದು ಯಾರೂ ಕರೆಯದೆ ಹದಿನೆಂಟು ವರ್ಷವಾಯಿತು. ಕನಸಿನಲ್ಲಿ ನೀನೂ ಮಗಧದ ಮಾತನ್ನೇ ಆಡುತ್ತೀಯ. ಎಚ್ಚರವಾದಾಗ ನಗು ಬರುತ್ತದೆ.

ಈ ಮಳೆಗಾಲದ ಮೊದಲಿಗೆ ಶುವಾನ್ ಕೈ ಎಂಬ ಮುದುಕ ಭಿಕ್ಷು ನಮ್ಮ ವಿಹಾರಕ್ಕೆ ಬಂದರು. ಲೊಯಾಂಗಿನ ಕಡೆಯವರೇ, ನಮ್ಮೂರ ಹೊಳೆಯ ಆಚೆ ದಡದವರು. ಅರವತ್ತು ದಾಟಿದ ಮೇಲೆ ಬೋಧಿವೃಕ್ಷ ನೋಡಬೇಕೆಂದು ಮರಳುಗಾಡು, ಹಿಮದ ಬೆಟ್ಟ ಹಾದು ಬಂದವರು. ಬಾಗಿಲಲ್ಲಿ ನನ್ನನ್ನು ಕಂಡವರೇ ನಮ್ಮ ಮಾತಿನಲ್ಲಿ, "ಏನಯ್ಯಾ, ಈ ದೇಶದಲ್ಲಿ ಅನ್ನಕ್ಕೂ ತುಪ್ಪ, ಬೇಳೆಗೂ ತುಪ್ಪ. ನಾಲಿಗೆ ಜಾರಿ ಸೂತ್ರಾನೇ ತಪ್ಪೋಗ್ತದೆ" ಎಂದರು. ಉತ್ತರಿಸಲು ನಾನು ತಡವರಿಸಿದೆ. "ಪಾಪ, ಹುಡುಗನ ಬಾಯಿಗೆ ತುಕ್ಕು ಹಿಡಿದಿದೆ" ಎಂದು ನಕ್ಕರು. ನಲವತ್ತು ದಾಟಿದವನನ್ನು ಹುಡುಗ ಎಂದರು ನೋಡು. ಮಳೆಗಾಲವಿಡೀ ಇಬ್ಬರಿಗೂ ಊರಿನದೇ ಮಾತು: ಹಿಪ್ಪುನೇರಳೆ ಹಣ್ಣು ತಿಂದು ನೀಲಿಯಾದ ನಾಲಿಗೆ, ಹೆಪ್ಪುಗಟ್ಟಿದ ಹೊಳೆಯ ಮೇಲೆ ಜಾರಿ ಬಿದ್ದದ್ದು, ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಆಚೆ ದಾಟಿಸುತ್ತಿದ್ದದ್ದು.

ಆಮೇಲೆ ಈ ಅಜ್ಜನಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಆದರೂ ದಿನಾ ಹಡಗುಕಟ್ಟೆಗೆ ಹೋಗಿ ಕೂರುತ್ತಿದ್ದರು. "ನೋಡಬೇಕಾದ ಮರ ನೋಡಿದ್ದಾಯ್ತು. ಇನ್ನು ನಮ್ಮೂರ ಹಿಮ ಒಂದ್ಸಲ ಕಾಲಿಗೆ ತಗುಲಿದ್ರೆ ಸಾಕು ಕಣೋ" ಎನ್ನುತ್ತಿದ್ದರು.

ಈ ಸಲ ಬಂದೇ ಬರುತ್ತೇನೆಂದು ಹೋದ ವರ್ಷ ನಿನಗೆ ಬರೆದಿದ್ದೆನಲ್ಲ, ಹಾಗೆಯೇ ನಮ್ಮ ದೇಶದ ಕಡೆ ಹೊರಟ ಶ್ರೀವಿಜಯ ದ್ವೀಪದ ಹಡಗಿನಲ್ಲಿ ನನಗೆ ಜಾಗವೂ ಸಿಕ್ಕಿತ್ತು. ನಿನ್ನೆ ಅಜ್ಜನಿಗೂ ಜಾಗ ಕೇಳಿದೆ. ಹಡಗಿನ ಯಜಮಾನ, "ಒಬ್ಬರಿಗೆ ಮಾತ್ರ ಸ್ವಾಮಿ. ಹಿರಿಯರು ಬರೋ ವರ್ಷ ಹೋಗ್ಲಿ ಬಿಡಿ" ಎಂದ. ಬರುವ ವರ್ಷದವರೆಗೆ ಅವರು ಉಳಿಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಅಜ್ಜ ನನ್ನ ಪ್ರಯಾಣದ ಗಂಟನ್ನು ಬಿಗಿದು ಕಟ್ಟತೊಡಗಿದರು. ಆ ಗಂಟನ್ನು ತೆಗೆದು ಅವರ ಹೆಗಲಿಗೇ ಹಾಕಿದೆ. "ನಿಮ್ಮಕ್ಕ ಕಾಯ್ತಿರ್ತಾಳಲ್ಲೋ" ಎಂದರು. "ಅದಕ್ಕೇ ನೀವು ಹೋಗಿ ಹೇಳ್ಬೇಕು" ಎಂದೆ. ಅವರೆದುರು ಗಟ್ಟಿಯಾಗಿಯೇ ಇದ್ದೆ. ಆಮೇಲೆ ವಿಹಾರದ ಬಾವಿಯ ಹತ್ತಿರ ಕೂತು ಅತ್ತೆ. ಮುಂದೆ ಬರುತ್ತೇನೆಂದು ಮಾತು ಕೊಡಲಾರೆ. ಮಾತು ಕೊಟ್ಟರೆ ನೀನು ಮತ್ತೆ ಬಾಗಿಲು ನೋಡುತ್ತಾ ಕೂರುತ್ತೀಯ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬುದ್ಧನ ಕರುಣೆ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಮ್ಮ,
ಆ ಲಾಂಗ್

ಮರೆತೇ ಹೋಗಿತ್ತು, ಹಡಗಿನ ಹಗ್ಗ ಬಿಚ್ಚುತ್ತಿದ್ದಾರೆ: ನಿನಗೆ ಓದಲು ಬಾರದು, ಇದನ್ನು ಅಜ್ಜನೇ ಓದಿ ಹೇಳುತ್ತಿರುತ್ತಾರೆ. ಅಜ್ಜಾ, ಮುಂದಿನದನ್ನು ನುಂಗದೆ ಓದಿ. ಅಕ್ಕಾ, ಇವರಿಗೆ ತಮ್ಮವರೆಂದು ಯಾರೂ ಉಳಿದಿಲ್ಲ. ಯಾವುದೋ ವಿಹಾರಕ್ಕೆ ಹೋಗುತ್ತೇನೆ ಎನ್ನುತ್ತಾರೆ, ಯಾವುದೆಂದು ಕೇಳಿದರೆ ಮಾತು ಮರೆಸುತ್ತಾರೆ. ನನಗೆಂದು ತೆಗೆದಿಟ್ಟ ಕೋಣೆಯಲ್ಲಿ ಇವರನ್ನು ಇರಿಸಿಕೊ. ಇಷ್ಟು ಓದಿದ ಕೂಡಲೇ ಎದ್ದು ಹೊರಡಲು ನೋಡುತ್ತಾರೆ. ಬಾಗಿಲಿಗೆ ಅಡ್ಡ ನಿಂತುಕೋ.