ಮನೆಯವರ ಕಣ್ಣು

ಜನವರಿ 8, ಗುರುವಾರ

ವಾಮದಪದವಿನಲ್ಲಿ ಕಣ್ಣಿನ ಕ್ಯಾಂಪ್. ಮೂವತ್ತೊಂದು ಜನ. ಫೋಟೋ ಸರಿ ಬಂದದ್ದು ಇಪ್ಪತ್ತೆರಡು. ಉಳಿದದ್ದು ಮಸುಕು... ಕೈ ಇನ್ನೂ ನಿಲ್ಲುವುದಿಲ್ಲ. ಒಂದು ತುದಿಗೆ ಮೊಬೈಲ್, ಇನ್ನೊಂದು ತುದಿಗೆ ಲೆನ್ಸ್, ನಡುವೆ ಪ್ಲಾಸ್ಟಿಕ್ ಕೊಳವೆ. ಇಷ್ಟೇ ಸಾಮಾನು. ಕಣ್ಣಿನ ಹಿಂದಿನ ಪರದೆ ಮೊಬೈಲಿನಲ್ಲಿ ಕಾಣುತ್ತದೆ. ದೊಡ್ಡ ಮೆಷಿನ್ ಮೂಡುಬಿದಿರೆಯ ನಮ್ಮ ಕ್ಲಿನಿಕ್ಕಿನಲ್ಲೂ ಇಲ್ಲ.

ಹೊರಡುವಾಗ ಸಾಧನಾ ಡಾಕ್ಟರ್ ಹೇಳಿದರು — "ಪ್ರಮೀಳಾ, ಸೆಟ್ ಮನೆಗೆ ತಕೊಂಡು ಹೋಗಿ. ಮನೆಯವರದ್ದು, ನೆರೆಯವರದ್ದು ತೆಗೆದು ಪ್ರಾಕ್ಟೀಸ್ ಮಾಡಿ. ಹೆಸರು ಬೇಡ, ನಂಬರ್ ಹಾಕಿ ಕಳಿಸಿ. ನಾನು ನೋಡ್ತೇನೆ."

ಜನವರಿ 11, ಆದಿತ್ಯವಾರ

ಅತ್ತೆಯದ್ದು ತೆಗೆದೆ. ಮನೆ 1. ಪಕ್ಕದ ಮೈಮೂನಮ್ಮ, ಅವರ ಸೊಸೆ — 2, 3. ಮಗಳು ವಿಸ್ಮಿತಾ ಸಣ್ಣವಳು, ಅವಳದ್ದು ಬಿಟ್ಟೆ. "ಒಳಗೆ ಎಂತ ಉಂಟು ಮಾರಾಯ್ತಿ?" ಎಂದು ಮೈಮೂನಮ್ಮ ಕೇಳಿದರು. ತೋರಿಸಿದೆ. ಕಿತ್ತಳೆ ಬಣ್ಣ, ಅದರ ಮೇಲೆ ಕೆಂಪು ರಕ್ತನಾಳ. ತನ್ನದೇ ಕಣ್ಣನ್ನು ತುಂಬ ಹೊತ್ತು ನೋಡಿದರು.

ಮನೆಯಲ್ಲಿ ಇವರು ಮಾತ್ರ ಒಪ್ಪಲಿಲ್ಲ. "ಕಣ್ಣಿಗೆ ಮದ್ದು ಹಾಕಿದ್ರೆ ಮಂಜು ಮಂಜು, ನಾಳೆ ವ್ಯಾನ್ ಬಿಡ್ಲಿಕ್ಕೆ ಆಗುವುದಿಲ್ಲ." ದಿನಾ ಇವರ ವ್ಯಾನಿನಲ್ಲಿ ಸಿದ್ಧಕಟ್ಟೆಯಿಂದ ಮೂಡುಬಿದಿರೆಯ ಶಾಲೆಗೆ ಹದಿನಾಲ್ಕು ಮಕ್ಕಳು. ಸರಿ ಎಂದು ಬಿಟ್ಟೆ.

ಜನವರಿ 25, ಆದಿತ್ಯವಾರ

ಊಟ ಆದ ಮೇಲೆ ಇವರೇ ಬಂದು ಕುರ್ಚಿಯಲ್ಲಿ ಕೂತರು. "ಮದ್ದು ಹಾಕು." ನನಗೆ ಸಹಾಯ ಮಾಡಲಿಕ್ಕೆ ಎಂದುಕೊಂಡೆ. ಖುಷಿಯಾಯಿತು. ಕಿಟಕಿಗೆ ಬೆಡ್‌ಶೀಟ್ ಕಟ್ಟಿದೆ.

ಮೊದಲ ಫೋಟೋ — ಲೆನ್ಸಿನಲ್ಲಿ ಕೊಳೆ ಎಂದುಕೊಂಡು ಒರೆಸಿದೆ. ಮತ್ತೆ ತೆಗೆದೆ. ಕೊಳೆಯಲ್ಲ. ಅಂಚಿನ ಸುತ್ತ ಕಪ್ಪು ಗೀರುಗಳು. ರಕ್ತನಾಳ ದಾರದ ಹಾಗೆ ಸಪೂರ. ಟ್ರೈನಿಂಗಿನಲ್ಲಿ ಇಂಥದೊಂದು ಚಿತ್ರ ತೋರಿಸಿದ್ದರು. ಇನ್ನೊಂದು ಕಣ್ಣೂ ಹಾಗೆಯೇ.

"ಬಂತಾ?" ಕೇಳಿದರು.

"ಎಂತದು?"

"ಅದರಲ್ಲಿ ಕಾಣ್ತದಾ? ಕಪ್ಪು?"

ಮೊಬೈಲ್ ಕೆಳಗಿಟ್ಟೆ.

ಇವರಿಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ಮಂಗಳೂರಿನ ಡಾಕ್ಟರೊಬ್ಬರು ಹೇಳಿದ್ದರಂತೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಮತ್ತೆ ಬದಿಗಳು ಹೋಗುತ್ತವೆ. ಕೊನೆಗೆ ನಡು. ಮದ್ದಿಲ್ಲ. ತೀರಿಹೋದ ಮಾವ ಕೂಸಪ್ಪನವರಿಗೂ ಇದೇ ಇತ್ತಂತೆ. ಅವರದ್ದು ಪೊರೆ ಎಂದು ನನಗೆ ಹೇಳಿದ್ದರು.

"ಮದುವೆಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಲಿಲ್ಲ."

"ಬಾಯಿ ಬರಲಿಲ್ಲ. ಎಷ್ಟೋ ಸಲ ಹೊರಟೆ. ಇವತ್ತು... ನೀನೇ ನೋಡಿದ್ರೆ ಆಯ್ತು ಅಂತ."

ಫೆಬ್ರವರಿ 2, ಸೋಮವಾರ

ಎಂಟು ದಿನ ಬರೆಯಲಿಲ್ಲ. ಮದುವೆಯಾದ ಏಳು ವರ್ಷದ್ದು ಒಂದೊಂದೇ ನೆನಪಾಗುತ್ತದೆ. ಸಂಜೆ ಪೇಟೆಗೆ ಬಾರದ್ದು. ರಿಸೆಪ್ಶನ್ ಎಂದರೆ ತಲೆನೋವು ಎಂದು ಮಲಗಿದ್ದು. ಸ್ಪೆಷಲ್ ಕ್ಲಾಸಿನ ಮಕ್ಕಳ ಸಂಜೆ ಟ್ರಿಪ್ ಬೇರೆಯವರಿಗೆ ಬಿಟ್ಟುಕೊಟ್ಟದ್ದು. ಸೋಮಾರಿ ಎಂದು ನಾನು ಬೈದದ್ದು.

ಫೋಟೋ 'ಮನೆ 4' ಎಂದು ಕಳಿಸಿದ್ದೆ. ಇಂದು ಡಾಕ್ಟರ್ ಫೋನ್. "ಯಾರಿದು ಪ್ರಮೀಳಾ? ಬದಿಯ ದೃಷ್ಟಿ ತುಂಬ ಹೋಗಿರ್ತದೆ. ಗಾಡಿ ಬಿಡುವವರಲ್ಲ ತಾನೆ?"

"ಅಲ್ಲ" ಎಂದೆ.

ಎಷ್ಟು ಸಲೀಸಾಗಿ ಬಂತು.

ಫೆಬ್ರವರಿ 4, ಬುಧವಾರ

ಬೆಳಿಗ್ಗೆ ವ್ಯಾನಿನಲ್ಲಿ ಇವರ ಪಕ್ಕ ಕೂತು ಹೋದೆ. "ಹಗಲು ನನಗೆ ಎಲ್ಲ ಕಾಣ್ತದೆ. ನೀನೇ ನೋಡು" ಎಂದಿದ್ದರು. ಮೂರು ಸ್ಟಾಪ್ ಸರಿಯಾಗಿಯೇ ಹೋಯಿತು. ನಾಲ್ಕನೆಯದರಲ್ಲಿ ಎಡಗಡೆಯ ಕಾಲುದಾರಿಯಿಂದ ಗ್ರೀಷ್ಮಾ ಓಡಿ ಬಂದಳು, ಎರಡನೇ ಕ್ಲಾಸಿನವಳು. ನನಗೆ ಕಾಣುತ್ತಿತ್ತು. ಇವರು ನೇರ ನೋಡುತ್ತಿದ್ದರು, ವ್ಯಾನ್ ಹೋಗುತ್ತಲೇ ಇತ್ತು. ನಾನು ಕಿರುಚಿದೆ. ಬ್ರೇಕ್. ಬಂಪರಿಗೂ ಮಗುವಿಗೂ ನಡುವೆ ಒಂದು ಗೇಣು.

ಅವಳಿಗೆ ಏನೂ ಗೊತ್ತಾಗಲಿಲ್ಲ. "ಗುಡ್ ಮಾರ್ನಿಂಗ್ ಮಾಮ" ಎಂದು ಹತ್ತಿದಳು.

ಆ ಬದಿ ಇವರಿಗೆ ಇಲ್ಲವೇ ಇಲ್ಲ.

ಮನೆಗೆ ಬಂದ ಮೇಲೆ ಹೇಳಿದೆ, ನಾಳೆಯಿಂದ ಬೇಡ. "ಮಕ್ಕಳ ಪರೀಕ್ಷೆ ಮುಗಿಯುವವರೆಗೆ ವ್ಯಾನ್ ಬಿಡ್ತೇನೆ. ಮತ್ತೆ ನಾನೇ ನಿಲ್ಲಿಸ್ತೇನೆ. ಅದೊಂದೇ ಅಲ್ವಾ ನನಗೆ ಬರುವ ಕೆಲಸ" ಎಂದರು.

ಫೆಬ್ರವರಿ 5, ಗುರುವಾರ

ಇವರು ಸ್ನಾನಕ್ಕೆ ಹೋದಾಗ ವ್ಯಾನಿನ ಮಾಲೀಕ ಹಾಜಬ್ಬರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. "ನನ್ನ ಮೊಮ್ಮಗಳೂ ಅದರಲ್ಲೇ ಹೋಗುವುದಲ್ವಾ" ಎಂದರು. ಮತ್ತೆ, "ನೀನು ಹೇಳಿದ್ದು ಅಂತ ನಾನು ಹೇಳುವುದಿಲ್ಲ." ನಾನೇ ಅಂತಲೇ ಹೇಳಿ ಎಂದೆ.

ಕಾಲು ಗಂಟೆಯಲ್ಲಿ ಬಂದರು. ಇವರು ಖಾಕಿ ಶರ್ಟ್ ಹಾಕಿ ಹೊರಟು ನಿಂತಿದ್ದರು. "ನಿತೇಶ, ಕೀ ಕೊಡು" ಎಂದರು ಹಾಜಬ್ಬ, ಮೆಲ್ಲಗೆ. ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಫೆಬ್ರವರಿ 19, ಗುರುವಾರ

ಇವರು ನನ್ನ ಹತ್ತಿರ ಮಾತಾಡದೆ ಹದಿನಾಲ್ಕು ದಿನ. ಏಳೂಮುಕ್ಕಾಲಿಗೆ ರಸ್ತೆಯಲ್ಲಿ ವ್ಯಾನಿನ ಹಾರ್ನ್ ಕೇಳಿದರೆ ಎದ್ದು ಒಳಗೆ ಹೋಗುತ್ತಾರೆ.

ಅತ್ತೆ ಇಂದು ಪಾತ್ರೆ ತೊಳೆಯುತ್ತ ಹೇಳಿದರು — "ನಾವು ನಿನಗೆ ಹೇಳಬೇಕಿತ್ತು. ಹೇಳಿದ್ರೆ ನೀನು ಈ ಮನೆಗೆ ಬರ್ತಿದ್ದೆಯಾ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ಡಾಕ್ಟರಿಗೆ ಸತ್ಯ ಹೇಳಿದೆ. ಬೈಯಲಿಲ್ಲ. "ಮಗಳಿಗೆ ಎಷ್ಟು ವರ್ಷ?" ಐದು. "ಅಪ್ಪನಿಗೂ ಉಂಟು, ಅಜ್ಜನಿಗೂ ಇತ್ತು. ಮಗುವಿಗೆ ಬರಬಹುದು, ಬಾರದೆಯೂ ಇರಬಹುದು. ಅರ್ಧಕ್ಕರ್ಧ. ಕರಕೊಂಡು ಬನ್ನಿ, ಒಮ್ಮೆ ನೋಡುವ."

ಇವರಿಗೆ ಹೇಳಿದೆ. ಹದಿನಾಲ್ಕು ದಿನದಲ್ಲಿ ಮೊದಲ ಮಾತು — "ನಾನೂ ಬರ್ತೇನೆ."

ಫೆಬ್ರವರಿ 28, ಶನಿವಾರ

ಮೂಡುಬಿದಿರೆ. ವಿಸ್ಮಿತಾ ಅಪ್ಪನ ಮಡಿಲಲ್ಲಿ. ಮದ್ದು ಉರಿದು ಅತ್ತಳು.

"ಪಪ್ಪ, ನಿನಗೂ ಉರಿದಿತ್ತಾ?"

"ಉರಿದಿತ್ತು ಮಗಾ. ಹತ್ತು ಎಣಿಸುವ, ಹೋಗ್ತದೆ."

ಇಬ್ಬರೂ ಎಣಿಸಿದರು. ಫೋಟೋ ನಾನೇ ತೆಗೆದೆ. ಕೈ ಅಲುಗಲಿಲ್ಲ. ಇಷ್ಟು ಸ್ಪಷ್ಟ ಫೋಟೋ ಈವರೆಗೆ ತೆಗೆದದ್ದಿಲ್ಲ. ಪೂರ್ತಿ ಕಿತ್ತಳೆ. ಒಂದು ಚುಕ್ಕಿಯೂ ಇಲ್ಲ.

ಡಾಕ್ಟರ್ ದೊಡ್ಡದು ಮಾಡಿ ಮಾಡಿ ನೋಡಿದರು. "ಈಗ ಏನೂ ಇಲ್ಲ. ಆದ್ರೆ ಈ ಪ್ರಾಯದಲ್ಲಿ ಇಲ್ಲ ಅಂತ ಮುಂದೆಯೂ ಇಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ವರ್ಷ ವರ್ಷ ನೋಡುವ. ಕತ್ತಲಲ್ಲಿ ಹೇಗೆ ನಡೀತಾಳೆ ಅಂತ ಗಮನ ಇಡಿ."

ಬಸ್ಸಿಳಿಯುವಾಗ ಇವರು ನನ್ನ ತೋಳು ಹಿಡಿದರು. ಎಲ್ಲರ ಎದುರು, ಮೊದಲ ಸಲ. ಕೋಪ ಇಳಿಯಿತೋ, ಮೆಟ್ಟಿಲು ಕಾಣಲಿಲ್ಲವೋ. ಕೇಳಲಿಲ್ಲ.

ಮಾರ್ಚ್ 22, ಆದಿತ್ಯವಾರ. ಸಂಜೆ 7

ಮುಸ್ಸಂಜೆಗೆ ಕರೆಂಟ್ ಹೋಯಿತು. ಇವರು ಅಂಗಳದಲ್ಲಿದ್ದರು. ವಿಸ್ಮಿತಾ ಓಡಿದಳು. ಈಗ ದಿನಾ ಅವಳೇ ಕೈ ಹಿಡಿದು ಕರೆತರುವುದು. "ಪಪ್ಪ, ಮೆಟ್ಟಿಲು. ಇನ್ನೊಂದು." ಅವಳಿಗೆ ಅದೊಂದು ಆಟ. ಇವರೂ ನಗುತ್ತಾರೆ.

ನಾನು ಬಾಗಿಲಲ್ಲಿ ನಿಂತು ಅವಳ ಕಾಲು ನೋಡುತ್ತೇನೆ. ದಿನಾ. ಇವರಿಗೆ ಹೇಳಿಲ್ಲ, ಅತ್ತೆಗೂ ಹೇಳಿಲ್ಲ.

ಇಂದು ಎರಡನೇ ಮೆಟ್ಟಿಲಲ್ಲಿ ಅವಳು ಒಮ್ಮೆ ತಡವರಿಸಿದಳು. ಕಾಲಲ್ಲಿ ಅವಸರಕ್ಕೆ ಹಾಕಿಕೊಂಡ ನನ್ನ ಚಪ್ಪಲಿ, ದೊಡ್ಡದು. ಅದಕ್ಕೇ. ಚಪ್ಪಲಿಯೇ ಇರಬೇಕು. ನಾಳೆ ಚಪ್ಪಲಿ ತೆಗೆಸಿ, ಅದೇ ಹೊತ್ತಿಗೆ, ಇನ್ನೊಮ್ಮೆ ನೋಡುತ್ತೇನೆ.