ಎಂದೂ ತಟ್ಟದ ಕಸ್ತೂರಜ್ಜಿಗೆ

ಗೋಕಾಕ, ಫೆಬ್ರವರಿ ೩೧, ೨೧೭೧

ನನ್ನ ಅಜ್ಜನ ಅಜ್ಜಿಯಾದ ಕಸ್ತೂರಿ ಅಂಕಲಗಿಯವರಿಗೆ, ಅವರ ಮೊಮ್ಮಗನ ಮೊಮ್ಮಗಳು ತುಳಸಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹೌಹಾರಬೇಡಿ. ಶತಮಾನಗಳ ಕಾಲ ಅನ್ಯಾಯ ಸಹಿಸಿಕೊಂಡಿದ್ದ ಫೆಬ್ರವರಿಗೆ ನಮ್ಮ ಸರ್ಕಾರ ಅದರ ಪಾಲಿನ ದಿನಗಳನ್ನು ಕೊಡಿಸಿದೆ. ಜುಲೈ, ಆಗಸ್ಟುಗಳು ಮೇಲ್ಮನವಿ ಸಲ್ಲಿಸಿವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಸಂಬೋಧನೆಯದೂ ಒಂದು ತೊಡಕು. ನೀವು ನನಗಿಂತ ನಾಲ್ಕು ತಲೆಮಾರು ಹಿರಿಯರು, ಆದರೆ ಈ ಕಾಗದ ಕೈಸೇರುವ ದಿನ ನಿಮಗಿನ್ನೂ ಇಪ್ಪತ್ತಾರು. ಬರೆಯುತ್ತಿರುವ ನನಗೆ ಅರವತ್ತು ಹತ್ತಿರ. ಹೇಗಿದ್ದರೂ ನಮ್ಮ ಕಡೆ ಅಜ್ಜಿಯನ್ನು ಬಹುವಚನದಲ್ಲಿ ಕರೆದರೆ ಅವಳಿಗೇ ಸಿಟ್ಟು ಬರುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ ನೀನು.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಸತ್ತವರಿಗೆ ಅವರು ಬದುಕಿದ್ದ ಯಾವುದಾದರೊಂದು ದಿನಕ್ಕೆ ಕಾಗದ ಮುಟ್ಟಿಸುವ ಇಲಾಖೆ. ಹೆಚ್ಚಿನವರು ಅದರಲ್ಲಿ ತಮ್ಮ ಅಜ್ಜಂದಿರಿಗೆ ಆ ಸೈಟು ಮಾರಬೇಡಿ ಎಂದು ಬರೆಯುತ್ತಾರೆ. ಅಜ್ಜಂದಿರು ಎಂದಿನಂತೆ ಯಾರ ಮಾತೂ ಕೇಳುವುದಿಲ್ಲ. ಕೌಂಟರಿನಲ್ಲಿ ಮಾತುಗಳನ್ನು ತೂಗುತ್ತಾರೆ. ಮೊದಲ ಸಲ ನನ್ನ ಕಾಗದ ತೂಕ ಮೀರಿತ್ತು. ಗುಮಾಸ್ತೆ ಹೊಗಳಿಕೆಯೆಲ್ಲ ತೆಗೆಸಿದಳು, ಆಮೇಲೆ ಅಳುವನ್ನೂ ಒಂದಿಷ್ಟು ಇಳಿಸಿ ಬಾ ಎಂದು ಮನೆಗೆ ಕಳಿಸಿದಳು. ಹೀಗಾಗಿ ನಿನ್ನ ಇವತ್ತಿನ ಅವಸ್ಥೆ ನನಗೆ ಅರ್ಥವಾಗುತ್ತದೆ. ನೀನೀಗ ಮುಂಬೈನ ಲಾಡ್ಜೊಂದರ ಬಚ್ಚಲಿನಲ್ಲಿ, ಕಾಳಗದ ತೂಕಕ್ಕೆ ಇಳಿಯಲೆಂದು ಮೈಗೆ ಪ್ಲಾಸ್ಟಿಕ್ಕು ಸುತ್ತಿಕೊಂಡು, ಬಿಸಿನೀರಿನಲ್ಲಿ ಕೂತು ಬೆವರಿಳಿಸುತ್ತಿದ್ದೀ. ಸಂಜೆ ತಕ್ಕಡಿ ಹತ್ತುವವರೆಗೆ ಗುಟುಕು ನೀರೂ ಇಲ್ಲ. ಬಾಗಿಲಾಚೆ ನಿನ್ನ ಅವ್ವ ಕರದಂಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಹುಡುಗಿಯನ್ನು ಮೊದಲು ಉಪವಾಸ ಕೆಡವಿ ಆಮೇಲೆ ಹೊಡೆಯಲು ಬಿಡುವುದು ಯಾವ ಸೀಮೆಯ ಆಟ ಎಂದು ಲಾಡ್ಜಿನ ಮ್ಯಾನೇಜರನನ್ನು ಕೇಳುತ್ತಿದ್ದಾಳೆ. ಪಾಪ, ಅವನು ಅವಳಿಗೊಂದು ಚಹಾ ತರಿಸುತ್ತಿದ್ದಾನೆ.

ನಮ್ಮ ಕಾಲದ ಬಗ್ಗೆ ನಿನಗೆ ಹೇಳಲೇಬೇಕಾದ ಸಂಗತಿ ಒಂದಿದೆ. ಇಲ್ಲಿ ಯಾರಾದರೂ ಮೆಲ್ಲಗೆ ಎರಡು ಸಲ ತಟ್ಟಿದರೆ ಎದುರಿನವರು ಆ ಕ್ಷಣಕ್ಕೆ ಬಿಟ್ಟುಬಿಡಬೇಕು. ಹಿಡಿದದ್ದು ಏನೇ ಇರಲಿ, ಜಡೆ, ಜಾಗ, ಹಳೆಯ ಜಗಳ, ಬಿಡಬೇಕು. ಗಂಡ ಹೆಂಡಿರು ಊಟಕ್ಕೆ ಕೂತಲ್ಲಿ ನೆಲ ತಟ್ಟುತ್ತಾರೆ. ಬೀಗರು ಮದುವೆಮನೆಯ ಕಂಬ ತಟ್ಟುತ್ತಾರೆ. ವಿಧಾನಸಭೆಯಲ್ಲಿ ಹಳೆಯ ಶಾಸಕರೊಬ್ಬರು ಮೆಚ್ಚುಗೆಗೆಂದು ಅಭ್ಯಾಸಬಲದಿಂದ ಮೇಜು ತಟ್ಟಿ, ಮಂತ್ರಿಮಂಡಲವೇ ಬಿದ್ದುಹೋದ ಪ್ರಸಂಗವೂ ಉಂಟು. ತಟ್ಟಿದವರನ್ನು ಸೋತರೆನ್ನುವುದು ಅಸಭ್ಯತನ. ತಟ್ಟಿದ ಮೇಲೂ ಬಿಡದ ಮನೆತನಕ್ಕೆ ಯಾರೂ ಹೆಣ್ಣೂ ಕೊಡುವುದಿಲ್ಲ, ಗಂಡೂ ಕೊಡುವುದಿಲ್ಲ. ಈ ಪದ್ಧತಿಗೆ ನಾವು ಕಸ್ತೂರಿ ಹಾಕುವುದು ಎನ್ನುತ್ತೇವೆ. ಹೌದು, ನಿನ್ನದೇ ಹೆಸರು. ಪೋಸ್ಟರಿನ ಮೇಲೆಲ್ಲ 'ತಟ್ಟದ ಹುಲಿ' ಎಂದು ಅಚ್ಚು ಹಾಕಿಸಿಕೊಂಡ ನಿನ್ನ ಹೆಸರು. ನಗಬೇಡ, ತುಟಿ ಒಡೆದೀತು. ಹೀಗಾದದ್ದು ಹೇಗೆಂದು ಹೇಳುತ್ತೇನೆ.

ಗರಡಿಯಲ್ಲಿ ಕುಸ್ತಿ ಕಲಿತ ನೀನು ತಂತಿಬಲೆಯೊಳಗೆ ಗುದ್ದಾಡುವ ಪಂಜರದ ಕಾಳಗಕ್ಕೆ ಇಳಿದಾಗ ನಿನ್ನ ಬೆನ್ನಿಗೆ ಬಂದವನು ಪಟ್ಟು ಕಲಿಸಿದ ವಸ್ತಾದ ಲಗಮಣ್ಣ. ಒಳ್ಳೆಯವನು, ನಿನ್ನನ್ನು ಸ್ವಂತ ಮಗಳಂತೆ ನೋಡಿಕೊಂಡವನು. ಪ್ರತಿ ಕಾಳಗ ಮುಗಿದ ಮೇಲೆ ತಲೆಗೆ ಪೆಟ್ಟು ಬಿದ್ದಿದೆಯೇ ನೋಡಲು ಡಾಕ್ಟರು ಬಂದು ಕಣ್ಣಿಗೆ ಟಾರ್ಚು ಬಿಟ್ಟು, ಇವತ್ತು ಯಾವ ವಾರ ಎಂದು ಕೇಳುತ್ತಾರಲ್ಲ, ಅದಕ್ಕೆ ಮೊದಲೇ ಲಗಮಣ್ಣ ನಿನ್ನ ಮುಖ ಒರೆಸುವ ನೆಪದಲ್ಲಿ ಕಿವಿಯಲ್ಲಿ ಹೇಳುತ್ತಾನೆ: "ಶನಿವಾರ ಐತಿ ಮಗಳ, ಶನಿವಾರ ಅನ್ನು." ನೀನು ಅನ್ನುತ್ತೀ. ಡಾಕ್ಟರು ಒಪ್ಪಿ ಸಹಿ ಹಾಕುತ್ತಾರೆ. ಮುಂದಿನ ಕಾಳಗಕ್ಕೆ ತಡೆ ಬೀಳದಿರಲಿ ಎಂಬ ಅವನ ಈ ಅಕ್ಕರೆಯೇ ನಿನ್ನನ್ನು ತಿಂದಿತು. ಈಗ ಪ್ರತಿ ಕಟಿಂಗ್ ಶಾಪಿನಲ್ಲೂ ತಲೆಗನ್ನಡಿ ಇರುತ್ತದೆ, ಎದುರು ಕೂತರೆ ಬುರುಡೆಯೊಳಗಿನ ಬಾವು ಕಾಣಿಸುವ ಕನ್ನಡಿ. ಜೋಕಾಲಿಯಿಂದ ಬಿದ್ದ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದೊಯ್ಯುತ್ತಾರೆ. ಅದಕ್ಕೆ ಯಾವ ವಸ್ತಾದನೂ ಉತ್ತರ ಹೇಳಿಕೊಡಲಾರ.

ಬರುವ ಶನಿವಾರದ ಕಾಳಗದಲ್ಲಿ ನೀನು ಗೆಲ್ಲುತ್ತೀ. ಗುಟ್ಟು ಒಡೆದದ್ದಕ್ಕೆ ಬೈಯಬೇಡ. ಎರಡನೆಯ ಸುತ್ತಿನಲ್ಲಿ ನಿನ್ನ ಎದುರಾಳಿ, ಆ ಹರಿಯಾಣದ ಹುಡುಗಿ, ನಿನ್ನ ಎದೆಯ ಮೇಲೆ ಕೂತು ಗುದ್ದುತ್ತಾಳೆ. ನೀನು ಸೋಲೊಪ್ಪಿ ಮ್ಯಾಟಿಗೆ ಎರಡು ಸಲ ತಟ್ಟಿದ್ದರೆ ರೆಫ್ರಿ ಅವಳನ್ನು ಎತ್ತಿ ಆಚೆ ಹಾಕುತ್ತಿದ್ದ. ಲಗಮಣ್ಣ ಟವೆಲ್ಲು ಎಸೆದು ಆಟ ನಿಲ್ಲಿಸಬಹುದಿತ್ತು, ಆದರೆ ಎಸೆಯಕೂಡದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದವಳು ನೀನೇ. ಸುತ್ತು ಮುಗಿದ ಗಂಟೆ ನಿನ್ನನ್ನು ಉಳಿಸಿತು. ಮೂರನೆಯ ಸುತ್ತಿನಲ್ಲಿ ಎದ್ದೆ, ಅವಳ ಕೈ ತಿರುಚಿದೆ, ಅವಳು ತಟ್ಟಿದಳು, ನೀನು ತಟಕ್ಕನೆ ಬಿಟ್ಟೆ. ಗೆದ್ದವರ ಬೆಳ್ಳಿಪಟ್ಟಿ ಹೆಗಲಿಗೇರಿಸಿಕೊಂಡ ನಿನ್ನ ಆ ಫೋಟೋ ಇವತ್ತಿಗೂ ನಮ್ಮ ಪಡಸಾಲೆಯಲ್ಲಿದೆ. ಫೋಟೋದಲ್ಲಿ ನಗುತ್ತಿರುವ ನಿನಗೆ ಆ ಕಾಳಗ ಮುಂದೆಂದೂ ನೆನಪಾಗಲಿಲ್ಲ.

ಅಲ್ಲಿಂದ ಒಂದೊಂದೇ ಹೋಯಿತು. ಮೊದಲು ಚಪ್ಪಲಿ ಬಿಟ್ಟ ಜಾಗ, ಆಮೇಲೆ ಮನೆಯ ದಾರಿ, ಕೊನೆಗೆ ಮಗಳು ಸುಗಂಧಾ. ತಲೆ ಪೂರ್ತಿ ನರೆಯುವ ಮೊದಲೇ ನಿನ್ನಲ್ಲಿ ಉಳಿದದ್ದು ಒಂದು ಮಾತು. ಹಸಿವೆಯೇ ಎಂದರೆ ಶನಿವಾರ. ನಾನು ಯಾರು ಎಂದರೆ ಶನಿವಾರ. ಮನೆಯವರು ಮೊದಮೊದಲು ನಕ್ಕರು, ಆಮೇಲೆ ಕೇಳುವುದನ್ನೇ ಬಿಟ್ಟರು.

ಕೈಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ತುತ್ತು ಕೊಡಲು ಬಂದ ಸುಗಂಧಾಳ ಮಣಿಕಟ್ಟನ್ನು ನೀನು ಒಂದು ದಿನ ಹಿಡಿದುಬಿಟ್ಟೆ. ಬೇಡಿಕೊಂಡರೂ ಬಿಡಲಿಲ್ಲ, ಓಣಿಯ ಗಂಡಸರು ಬೆರಳು ಬಿಡಿಸಲು ಹೋಗಿ ಬೆವತರು. ಕೈ ನೀಲಿಗಟ್ಟತೊಡಗಿದಾಗ ಸುಗಂಧಾಳಿಗೆ ಏನು ತೋಚಿತೋ, ನಿನ್ನ ತೋಳಿಗೆ ಮೆಲ್ಲಗೆ ಎರಡು ಸಲ ತಟ್ಟಿದಳು. ತಟಕ್ಕನೆ ಬಿಟ್ಟೆ. ಸಾಲದ್ದಕ್ಕೆ ಅವಳ ಬೆನ್ನು ಚಪ್ಪರಿಸಿದೆ, ಕಾಳಗ ಮುಗಿದ ಮೇಲೆ ಎದುರಾಳಿಯ ಬೆನ್ನು ಚಪ್ಪರಿಸುವ ಹಾಗೆ. ಸುಗಂಧಾ ಶಾಲೆಯಲ್ಲಿ ಡ್ರಿಲ್ ಟೀಚರು. ಮರುದಿನ ಮೈದಾನದಲ್ಲಿ ಜುಟ್ಟು ಜುಟ್ಟು ಹಿಡಿದುಕೊಂಡಿದ್ದ ಇಬ್ಬರಿಗೆ ಅವಳು ಕಲಿಸಿದ್ದು ಇದನ್ನೇ. ಆ ಮಕ್ಕಳು ಮನೆಗೆ ಒಯ್ದರು, ಮನೆಗಳು ಊರಿಗೆ ಒಯ್ದವು.

ಕೊನೆಯ ದಿನ ಮಧ್ಯಾಹ್ನ ಸುಗಂಧಾ ನಿನ್ನ ಕೈ ಹಿಡಿದು ಕೂತಿದ್ದಳಂತೆ. ಉಸಿರು ತೇಕುತ್ತಿತ್ತು. ಹೋಗಬೇಡ ಎಂಬಂತೆ ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಆಗ ನಿನ್ನ ಬೆರಳುಗಳು ಎದ್ದು ಅವಳ ಮಣಿಕಟ್ಟಿಗೆ ಎರಡು ಸಲ ತಟ್ಟಿದವು. ಇಡೀ ಜನ್ಮದಲ್ಲಿ ಅದೊಂದೇ ಸಲ. ಅಲ್ಲೇ ಬಾಗಿಲಲ್ಲಿ ನಿಂತಿದ್ದ ನನ್ನ ಅಜ್ಜ, ಆಗ ತನ್ನ ಅವ್ವ ಸುಗಂಧಾ ಎರಡೂ ಕೈ ಸಡಿಲಿಸಿದಳೆಂದು ಹೇಳುತ್ತಿದ್ದ.

"ಆತು ಯವ್ವಾ," ಎಂದಳಂತೆ. "ಬಿಟ್ಟೆ."

ಅಜ್ಜಿ, ನನ್ನ ಕೋರಿಕೆ ಇಷ್ಟೇ. ಆ ತಟ್ಟನ್ನು ಈ ಶನಿವಾರವೇ ತಟ್ಟಿಬಿಡು. ಹಾಗೆ ಮಾಡಿದರೆ ಪಡಸಾಲೆಯ ಫೋಟೋ ಇರುವುದಿಲ್ಲ, ಬಹುಶಃ ನಮ್ಮ ಪದ್ಧತಿಯೂ ಇರುವುದಿಲ್ಲ. ಬೇಡ, ನಾವು ಇನ್ನಷ್ಟು ಕಾಲ ಜಡೆ ಎಳೆದಾಡಿಕೊಂಡು ಬೇರೇನಾದರೂ ಕಂಡುಕೊಳ್ಳುತ್ತೇವೆ. ಇದೇನು ನನ್ನ ಮಹಾತ್ಯಾಗವೆಂದು ತಿಳಿಯಬೇಡ. ಸುಗಂಧಾ ಆಗಲೇ ಹುಟ್ಟಿ ಗೋಕಾಕದಲ್ಲಿ ಅಂಬೆಗಾಲಿಡುತ್ತಿದ್ದಾಳೆ, ನನ್ನ ಜನ್ಮಕ್ಕೇನೂ ಧಕ್ಕೆಯಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ಅವಳು ದೊಡ್ಡವಳಾದ ಮೇಲೆ ನೀನು ಅವಳನ್ನು ಹೆಸರು ಹಿಡಿದು ಕರೆಯಬೇಕು. ಅಷ್ಟು ಸಾಕು.

ತಕ್ಕಡಿಯಿಂದ ಇಳಿದವಳೇ ಅವ್ವನ ಕರದಂಟು ತಿನ್ನು. ಶನಿವಾರ ಎದೆಯ ಮೇಲಿನ ಭಾರ ತಾಳದಾದಾಗ ತಟ್ಟು, ಬಿಡುತ್ತಾರೆ. ಆಮೇಲೆ ಡಾಕ್ಟರು ಬಂದು ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಲಗಮಣ್ಣನ ಕಡೆ ಕಿವಿ ಕೊಡಬೇಡ. ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನು.